ಮ್ಯಾಂಬೋ ಮನೆ ಒಡೆದು ಜೂಮ್ಲಾ ಆದದ್ದು

2005ರ ಆಗಸ್ಟ್ 17ರಂದು ‘ಮ್ಯಾಂಬೋ’ ಎಂಬ ತಂತ್ರಾಂಶವನ್ನು ಬೆಳೆಸುತ್ತಿದ್ದ ಮುಖ್ಯ ತಂಡವೇ ಅದನ್ನು ಬಿಟ್ಟು ಹೊರನಡೆಯಿತು. ಜಾಲತಾಣಗಳನ್ನು ಕಟ್ಟಿ ನಿರ್ವಹಿಸಲು ನೆರವಾಗುವ ಈ ತಂತ್ರಾಂಶ ಅದೇ ವರ್ಷ ಲಿನಕ್ಸ್‌ವರ್ಲ್ಡ್ ಮೇಳದಲ್ಲಿ ಪ್ರಶಸ್ತಿ ಪಡೆದು ಹೆಸರು ಮಾಡಿತ್ತು. ಗೆದ್ದ ತಂಡ ಗೆದ್ದ ವರ್ಷವೇ ಮನೆ ಬಿಟ್ಟದ್ದೇಕೆ?

ಇಂಥ ತಂತ್ರಾಂಶ ಮಾಡುವ ಕೆಲಸವನ್ನು ಮೊದಲು ನೋಡಬೇಕು. 1990ರ ದಶಕದಲ್ಲಿ ಜಾಲತಾಣದ ಒಂದೊಂದು ಪುಟವನ್ನೂ ಬಿಡಿಯಾಗಿ ಕೈಯಿಂದಲೇ ಬರೆಯುವುದು ಸಾಮಾನ್ಯವಾಗಿತ್ತು. ನೂರು ಪುಟಗಳ ತಾಣದಲ್ಲಿ ಒಂದು ದೂರವಾಣಿ ಸಂಖ್ಯೆ ಬದಲಾದರೆ ನೂರೂ ಪುಟಗಳನ್ನು ತಿದ್ದಬೇಕಾಗಿತ್ತು. ತಿದ್ದಲು ಆ ವಿದ್ಯೆ ಬಲ್ಲವನೇ ಬರಬೇಕು. ಮ್ಯಾಂಬೋದಂಥವು ಬರಹವನ್ನು ದತ್ತಸಂಚಯದಲ್ಲಿಯೂ ಪುಟದ ಅಂದಚೆಂದವನ್ನು ಬೇರೊಂದು ಅಚ್ಚಿನಲ್ಲಿಯೂ ಇಟ್ಟವು. ಓದುಗ ಕೇಳಿದಾಗ ಎರಡನ್ನೂ ಕೂಡಿಸಿ ಪುಟವನ್ನು ಆ ಕ್ಷಣದಲ್ಲೇ ಸಿದ್ಧಪಡಿಸಿದವು. ಇದರಿಂದಾಗಿ ಗಣಕಭಾಷೆಯ ಗಂಧವಿಲ್ಲದ ಗುಮಾಸ್ತನೂ ಶಾಲಾ ಶಿಕ್ಷಕಿಯೂ ತಮ್ಮ ತಾಣವನ್ನು ತಾವೇ ನೋಡಿಕೊಳ್ಳುವಂತಾಯಿತು.

ಮ್ಯಾಂಬೋವನ್ನು ಹುಟ್ಟುಹಾಕಿದ್ದು ಆಸ್ಟ್ರೇಲಿಯದ ಮೀರೋ ಎಂಬ ಕಂಪೆನಿ. 2001ರಲ್ಲಿ ಅದನ್ನು ಜಿಪಿಎಲ್ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ರೂಪಿಸಿದ ಈ ಪರವಾನಗಿಯ ಪ್ರಕಾರ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಅದರ ಸೋರ್ಸ್ ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು. ಕಟ್ಟಳೆ ಒಂದೇ: ತಿದ್ದಿ ಹಂಚುವವರು ಅದೇ ಹಕ್ಕುಗಳನ್ನು ಮುಂದಿನವರಿಗೂ ಕೊಡಬೇಕು. ಹಲವು ದೇಶಗಳ ಉತ್ಸಾಹಿಗಳು ಸಂಬಳದ ಮಾತಿಲ್ಲದೆ ದುಡಿದು ಮ್ಯಾಂಬೋವನ್ನು ಬೆಳೆಸಿದ್ದು ಈ ಭರವಸೆಯ ಮೇಲೆ.

2005ರಲ್ಲಿ ಮ್ಯಾಂಬೋದ ಮೇಲ್ವಿಚಾರಣೆಗೆಂದು ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು. ಅದರ ರಚನೆಯಲ್ಲಿ ತಮ್ಮ ಮಾತಿಗೆ ಬೆಲೆಯಿಲ್ಲ, ಮುಕ್ತ ತಂತ್ರಾಂಶದ ತತ್ವಕ್ಕೂ ಅದು ಒಗ್ಗದು ಎಂದು ಆಂಡ್ರ್ಯೂ ಎಡ್ಡಿ ಮೊದಲಾದ ತಂಡದವರು ತಗಾದೆ ತೆಗೆದರು. ಮೊದಲು ಹಣ ಹೂಡಿದ ಕಂಪೆನಿಗೂ ಒಂದಿಷ್ಟು ಹಿಡಿತ ಬೇಕೆನಿಸಿದ್ದು ಅಸಹಜವೇನಲ್ಲ. ಆದರೆ ದುಡಿಯುವ ಕೈಗಳನ್ನೇ ಕಳೆದುಕೊಳ್ಳುವಷ್ಟು ಅದು ಬಿಗಿಯಾಯಿತೆನ್ನಬೇಕು.

ಹೊರಬಂದವರು ಬೇರೆ ಒಲೆ ಹೂಡಿದರು. ಸಾಮಾನ್ಯವಾಗಿ ಮನೆ ಪಾಲಾದಾಗ ಪಾತ್ರೆಪಡಗ ಹಂಚಿಹೋಗುತ್ತವೆ. ಇಲ್ಲಿನ ಸ್ವಾರಸ್ಯವೆಂದರೆ ಇಬ್ಬರಿಗೂ ಇಡೀ ಮನೆಯೇ ಸಿಕ್ಕಿತು. ಸೋರ್ಸ್ ಕೋಡ್ ಅನ್ನು ಪೂರ್ತಿ ನಕಲು ಮಾಡಿಕೊಂಡು ಹೋಗಲು ಪರವಾನಗಿಯೇ ಅವಕಾಶ ಕೊಟ್ಟಿತ್ತು. ಹಂಚಲಾಗದೆ ಉಳಿದದ್ದು ಹೆಸರು. ‘ಮ್ಯಾಂಬೋ’ ಎಂದು ಕರೆದುಕೊಳ್ಳುವ ಹಕ್ಕು ಹೊರಬಂದವರಿಗೆ ಇರಲಿಲ್ಲ. ‘ಎಲ್ಲರೂ ಒಟ್ಟಾಗಿ’ ಎಂಬರ್ಥದ ಸ್ವಾಹಿಲಿ ಭಾಷೆಯ ‘ಜುಮ್ಲಾ’ ಪದದಿಂದ ಅವರು ‘ಜೂಮ್ಲಾ’ ಎಂಬ ಹೆಸರು ಮಾಡಿಕೊಂಡರು. (ಮರಾಠಿಯಲ್ಲೂ ಒಟ್ಟು ಮೊತ್ತಕ್ಕೆ ಜುಮಲಾ ಎನ್ನುವುದುಂಟು, ಪದದ ಮೂಲ ಅರಬ್ಬಿ.) ಸೆಪ್ಟೆಂಬರಿನಲ್ಲಿ ಬಂದ ಜೂಮ್ಲಾದ ಮೊದಲ ಆವೃತ್ತಿ, ಕೆಲವು ದೋಷಗಳನ್ನು ತಿದ್ದಿ ಹೆಸರು ಬದಲಿಸಿದ ಮ್ಯಾಂಬೋ ಅಷ್ಟೇ ಆಗಿತ್ತು. ಆದರೂ ಬಳಕೆದಾರರು ದೊಡ್ಡ ಸಂಖ್ಯೆಯಲ್ಲಿ ಅತ್ತ ವಾಲಿದರು. ಕೆಲವೇ ವರ್ಷಗಳಲ್ಲಿ ಮ್ಯಾಂಬೋ ಸೊರಗಿತು. ಜೂಮ್ಲಾ ಇಂದಿಗೂ ಬಳಕೆಯಲ್ಲಿದೆ.

ಇದಕ್ಕೆ ಎರಡು ವರ್ಷ ಮೊದಲೇ ಇನ್ನೊಂದು ಕಡೆ, ಜಗಳವಿಲ್ಲದೆ, ಇಂಥದೇ ಘಟನೆ ನಡೆದಿತ್ತು. ಮಿಶೆಲ್ ವಾಲ್ಡ್ರಿಗಿ ಬರೆದಿದ್ದ ‘ಬಿ2’ ಎಂಬ ತಂತ್ರಾಂಶ ಒಡೆಯನ ಆರೈಕೆಯಿಲ್ಲದೆ ನಿಂತುಹೋಗಿತ್ತು. ಅದೂ ಜಿಪಿಎಲ್ ಅಡಿಯಲ್ಲಿದ್ದುದರಿಂದ ಅಮೆರಿಕದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಕೈಗೆತ್ತಿಕೊಂಡು, 2003ರ ಮೇ 27ರಂದು ‘ವರ್ಡ್‌ಪ್ರೆಸ್’ ಎಂದು ಹೊರತಂದರು. ಜಗತ್ತಿನಲ್ಲಿ ಅತಿ ಹೆಚ್ಚು ಜಾಲತಾಣಗಳು ನಡೆಯುವುದು ಈಗ ಅದರ ಮೇಲೆಯೇ.

ಹೆಸರಿನ ತಕರಾರು ಅಲ್ಲಿಗೂ ಬಂತು. ವರ್ಡ್‌ಪ್ರೆಸ್ ತಾಣಗಳಿಗೆ ನೆಲೆ ಒದಗಿಸುವ ಡಬ್ಲ್ಯುಪಿ ಎಂಜಿನ್ ಎಂಬ ಕಂಪೆನಿ 2024ರ ಅಕ್ಟೋಬರಿನಲ್ಲಿ ಮುಲ್ಲೆನ್‌ವೆಗ್ ಹಾಗೂ ಅವರ ಆಟೊಮ್ಯಾಟಿಕ್ ಕಂಪೆನಿಯ ವಿರುದ್ಧ ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತು. ‘ವರ್ಡ್‌ಪ್ರೆಸ್’ ಎಂಬ ಹೆಸರನ್ನು ಯಾರು, ಹೇಗೆ ಬಳಸಬಹುದು ಎಂಬುದು ಆ ವಿವಾದದ ಒಂದು ಮುಖ್ಯ ಅಂಶ.