ಉಡುಪು ಮತ್ತು ಆತ್ಮವಿಶ್ವಾಸ: ಕನ್ನಡನಾಡಿನ ಇತಿಹಾಸದ ಕೆಲವು ಸಾಕ್ಷ್ಯಗಳು

ಚೆನ್ನಾಗಿ ಉಟ್ಟು ತೊಟ್ಟವನಿಗೆ ಆತ್ಮವಿಶ್ವಾಸ ಹೆಚ್ಚುವುದೆ, ಅವನು ನೋಡುವವರಿಗೆ ಹೆಚ್ಚು ಆಕರ್ಷಕನಾಗಿ ತೋರುವನೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಮನಶ್ಶಾಸ್ತ್ರಕ್ಕೆ ಸೇರಿದ್ದು. ಆದರೆ ಯಾವುದು ‘ಚೆನ್ನಾದ’ ಉಡುಪು, ಅದನ್ನು ತೊಡುವ ಅಧಿಕಾರ ಯಾರಿಗಿತ್ತು, ತೊಟ್ಟುದರಿಂದ ಏನಾಯಿತು ಎಂದು ಕೇಳಿದೊಡನೆ ಅದು ಇತಿಹಾಸದ ಪ್ರಶ್ನೆಯಾಗುತ್ತದೆ. ಈ ದೃಷ್ಟಿಯಿಂದ ಕೆಲವು ಸಾಕ್ಷ್ಯಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತುಮಕೂರು ನಗರದ ಅಂಚಿನಲ್ಲಿರುವ ಅಂತರಸನಹಳ್ಳಿಯ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ಒಂದು ಗಳಿಗೆ ನಿಂತರೆ ಈ ಪ್ರಶ್ನೆಯ ಸ್ವರೂಪ ತಾನಾಗಿಯೇ ಗೋಚರಿಸುತ್ತದೆ. ತಲೆಗೆ ಟವೆಲು ಸುತ್ತಿ ತರಕಾರಿಯ ಮೂಟೆ ಇಳಿಸುವವರು, ಬಿಳಿಯ ಪಂಚೆಯುಟ್ಟ ವರ್ತಕರು, ಪಕ್ಕದ ಕೈಗಾರಿಕಾ ಪ್ರದೇಶಕ್ಕೆ ಸಮವಸ್ತ್ರದಲ್ಲಿ ಹೊರಟ ಕಾರ್ಮಿಕರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ನಡೆದ ಹುಡುಗರು, ಎಲ್ಲರೂ ಒಂದೇ ದಾರಿಯಲ್ಲಿ ಹಾಯುತ್ತಾರೆ. ಯಾರು ಯಾರಿಗೆ ದಾರಿ ಬಿಡುತ್ತಾರೆ, ಯಾರ ದನಿ ಏರುತ್ತದೆ, ಯಾರ ದನಿ ತಗ್ಗುತ್ತದೆ ಎಂಬುದನ್ನು ಗಮನಿಸಿದರೆ ಬಟ್ಟೆ ಕೇವಲ ಮೈಮುಚ್ಚುವ ವಸ್ತುವಲ್ಲವೆಂದು ತಿಳಿಯುತ್ತದೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ನಮ್ಮಲ್ಲಿ ಹಳೆಯದು. ಈ ಗಾದೆ ಎಷ್ಟರಮಟ್ಟಿಗೆ ನಿಜ, ಎಲ್ಲಿ ಅದರ ಮಿತಿ ಎಂಬುದನ್ನೇ ಇಲ್ಲಿ ವಿಚಾರಿಸಬೇಕಾಗಿದೆ.

1

ಉಡುಪನ್ನು ಶಾಸ್ತ್ರೀಯವಾಗಿ ವಿವೇಚಿಸಿದ ಗ್ರಂಥಗಳಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಮುಖ್ಯವಾದುದು. 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದ ಈ ಸಂಸ್ಕೃತ ಕೃತಿ ಅರಸನ ಉಪಭೋಗಗಳನ್ನು ಹೇಳುವಲ್ಲಿ ಸ್ನಾನ, ತಾಂಬೂಲ, ವಿಲೇಪನಗಳ ಜೊತೆಗೆ ವಸ್ತ್ರಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಋತುವಿಗೆ ತಕ್ಕ ಬಟ್ಟೆ ಯಾವುದೆಂಬುದನ್ನೂ ವಿಚಾರಿಸಿದೆ. ಅರಸನು ಚೆನ್ನಾಗಿ ಉಡುವುದು ಅವನ ಸ್ವಂತ ಸಂತೋಷಕ್ಕೆ ಮಾತ್ರವಲ್ಲ, ಅದು ಅರಸುತನದ ಒಂದು ಅಂಗ ಎಂಬ ಭಾವನೆ ಇಲ್ಲಿ ಸ್ಪಷ್ಟವಾಗಿದೆ.

ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ಇದಕ್ಕೆ ಎದುರಾದ ದನಿಯೂ ಹುಟ್ಟಿತು. ಶರಣರಲ್ಲಿ ನೆಯ್ಗೆಯ ಕಾಯಕದ ಜೇಡರ ದಾಸಿಮಯ್ಯನೂ, ಬಟ್ಟೆ ಒಗೆಯುವ ಕಾಯಕದ ಮಡಿವಾಳ ಮಾಚಯ್ಯನೂ ಪೂಜ್ಯರಾಗಿ ಪರಿಗಣಿತರಾದರು. ಉಡುವವನಿಗೆ ಮಾತ್ರ ಮೀಸಲಾಗಿದ್ದ ಗೌರವ ನೆಯ್ದವನಿಗೂ ಒಗೆದವನಿಗೂ ಸಂದುದು ಸಣ್ಣ ಸಂಗತಿಯಲ್ಲ. ಅಕ್ಕಮಹಾದೇವಿಯಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಉಡುಗೆಯನ್ನೇ ತೊರೆದು ಹೊರಟಳೆಂದು ಪರಂಪರೆ ಹೇಳುತ್ತದೆ. ನೋಟವು ಪರರ ಇಚ್ಛೆಗೆ ಸೇರಿದ್ದೆಂಬ ಗಾದೆಗೆ ಇದಕ್ಕಿಂತ ದಿಟ್ಟವಾದ ಉತ್ತರ ನಮ್ಮ ಚರಿತ್ರೆಯಲ್ಲಿ ಮತ್ತೊಂದಿಲ್ಲ. ಆತ್ಮವಿಶ್ವಾಸವು ಉಡುಪಿನಿಂದಲೇ ಬರುವುದಾದರೆ ಅಕ್ಕನಲ್ಲಿ ಅದು ಎಳ್ಳಷ್ಟೂ ಇರಬಾರದಾಗಿತ್ತು.

2

ವಿಜಯನಗರದ ಆಸ್ಥಾನದ ಸಾಕ್ಷ್ಯ ಬೇರೊಂದು ಬಗೆಯದು. ಸುಮಾರು 1520ರಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಉಡುಪನ್ನು ವರ್ಣಿಸಿದ್ದಾನೆ: ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ವಸ್ತ್ರ, ಕೊರಳಲ್ಲಿ ವಜ್ರದ ಹಾರ, ತಲೆಯ ಮೇಲೆ ಜರತಾರಿಯ ಟೊಪ್ಪಿಗೆ, ಆದರೆ ಕಾಲು ಬರಿಗಾಲು. ತಿರುಮಲೆಯ ದೇವಾಲಯದಲ್ಲಿರುವ ಈ ಅರಸನ ಲೋಹಪ್ರತಿಮೆಯಲ್ಲಿಯೂ ಎತ್ತರವಾದ ಟೊಪ್ಪಿಗೆ ಕಾಣುತ್ತದೆ. ಇದೇ ‘ಕುಲ್ಲಾಯಿ’. ಇದರ ಜೊತೆಗೆ ತೊಡುತ್ತಿದ್ದ ನಿಲುವಂಗಿಗೆ ‘ಕಬಾಯಿ’ ಎಂದು ಹೆಸರು. ಎರಡು ಪದಗಳ ಮೂಲವೂ ಪಶ್ಚಿಮ ಏಷ್ಯದ ಕಡೆಗಿದೆ. ಸುಲ್ತಾನರೊಡನೆಯೂ ದೂರದೇಶದ ರಾಯಭಾರಿಗಳೊಡನೆಯೂ ಸಮಾನರಾಗಿ ನಿಲ್ಲಬೇಕಾಗಿದ್ದ ಆಸ್ಥಾನವು ಆ ವಿಶಾಲ ಜಗತ್ತಿಗೆ ಪರಿಚಿತವಾದ ಉಡುಪನ್ನು ಆರಿಸಿಕೊಂಡಿತೆಂದು ಇತ್ತೀಚಿನ ವಿದ್ವಾಂಸರು ವಿವರಿಸಿದ್ದಾರೆ.

ಆದರೆ ಆಸ್ಥಾನಕ್ಕೆ ಧೈರ್ಯ ಕೊಟ್ಟ ಉಡುಪು ಎಲ್ಲರಿಗೂ ಧೈರ್ಯ ಕೊಟ್ಟಿತೆಂದು ಹೇಳಲಾಗದು. ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ತೆಲುಗು ಕವಿ ಶ್ರೀನಾಥನ ಹೆಸರಿನಲ್ಲಿ ಪ್ರಚಲಿತವಾಗಿರುವ ಒಂದು ಚಾಟುಪದ್ಯದಲ್ಲಿ, ಕುಲ್ಲಾಯಿ ಇಟ್ಟುಕೊಳ್ಳಬೇಕಾಗಿ ಬಂದುದರ ಬಗ್ಗೆ ಕವಿಯು ಕನ್ನಡ ರಾಜ್ಯಲಕ್ಷ್ಮಿಯೆದುರು ಮೊರೆಯಿಡುತ್ತಾನೆ. ಟೊಪ್ಪಿಗೆ ಅದೇ, ಸಭೆಯೂ ಅದೇ. ತಾನಾಗಿ ಧರಿಸಿದ ಅರಸನಿಗೆ ಅದು ಘನತೆ. ವಿಧಿಯಿಲ್ಲದೆ ಧರಿಸಿದ ಕವಿಗೆ ಅದು ಹೊರೆ. ಉಡುಪಿನ ಪರಿಣಾಮ ಉಡುಪಿನಲ್ಲಿಲ್ಲ, ಅದನ್ನು ಧರಿಸಿದ ಬಗೆಯಲ್ಲಿದೆ ಎಂಬ ಸೂಚನೆ ನಮಗೆ ಇಲ್ಲಿ ಮೊದಲು ದೊರೆಯುತ್ತದೆ.

3

ಅಂತರಸನಹಳ್ಳಿಯಿಂದ ಸುಮಾರು 20 ಕಿಲೋಮೀಟರು ಪಶ್ಚಿಮಕ್ಕಿರುವ ಗುಬ್ಬಿ ಈ ಸೂಚನೆಯನ್ನು ಪರೀಕ್ಷಿಸಲು ತಕ್ಕ ಸ್ಥಳ. 1884ರಲ್ಲಿ ಇಲ್ಲಿ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಸ್ಥಾಪಿತವಾಯಿತು. ಬಾಲ್ಯದಲ್ಲಿಯೇ ಅದನ್ನು ಸೇರಿ ಮುಂದೆ ಅದರ ಒಡೆಯರಾದ ಗುಬ್ಬಿ ವೀರಣ್ಣನವರು ವೃತ್ತಿರಂಗಭೂಮಿಯನ್ನು ವೈಭವದ ಶಿಖರಕ್ಕೆ ಕೊಂಡೊಯ್ದರು. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ‘ಕುರುಕ್ಷೇತ್ರ’ ನಾಟಕದ ಪ್ರಸಿದ್ಧಿ ಇಂದಿಗೂ ಮಾಸಿಲ್ಲ. ಕಿರೀಟ, ಭುಜಕೀರ್ತಿ, ಜರಿಯ ಪೋಷಾಕು, ಬಣ್ಣದ ಪರದೆ ಇವೆಲ್ಲ ಆ ವೈಭವದ ಸಾಧನಗಳು.

ಬಣ್ಣದ ಮನೆಗೆ ಬಡ ಹಳ್ಳಿಗನಾಗಿ ಹೊಕ್ಕವನು ರಂಗದ ಮೇಲೆ ಕೌರವನಾಗಿ ಬರುವಾಗ ಅವನ ನಡಿಗೆಯೂ ಕಂಠವೂ ಬದಲಾಗುವುದನ್ನು ಕಂಪನಿ ನಾಟಕ ನೋಡಿದವರೆಲ್ಲರೂ ಬಲ್ಲರು. ಹಾಗೆಂದು ಪೋಷಾಕೇ ನಟನನ್ನು ಮಾಡಿತೆನ್ನಬಹುದೆ? ಕಿರೀಟ ಇಟ್ಟವರೆಲ್ಲ ಕೌರವರಾಗಲಿಲ್ಲ. ವರ್ಷಗಳ ಅಭ್ಯಾಸ, ಬಾಯಿಪಾಠವಾದ ಮಾತು, ಪಳಗಿದ ಶಾರೀರ ಇವು ಒಳಗಿದ್ದಾಗ ಮಾತ್ರ ಪೋಷಾಕು ಅವುಗಳಿಗೆ ಹೊರದಾರಿ ತೆರೆಯುತ್ತಿತ್ತು. ಮಾತು ಮರೆತ ನಟನಿಗೆ ಅದೇ ಕಿರೀಟ ನಗೆಗೀಡಾಗುವ ಕಾರಣವಾಗುತ್ತಿತ್ತು.

ಆಕರ್ಷಣೆಯ ವಿಷಯದಲ್ಲಿಯೂ ರಂಗಭೂಮಿ ಒಂದು ಪಾಠ ಹೇಳುತ್ತದೆ. ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಮರಾಠಿ ರಂಗಭೂಮಿಯ ಬಾಲಗಂಧರ್ವರು ರಂಗದ ಮೇಲೆ ಸೀರೆಯುಟ್ಟ ಬಗೆಯನ್ನು ಗೃಹಿಣಿಯರೇ ಅನುಕರಿಸಿದರು. ಅಂದರೆ ಚೆಲುವಿನ ಮಾದರಿಯೆಂಬುದು ಪ್ರಕೃತಿ ಕೊಟ್ಟದ್ದಕ್ಕಿಂತ ಹೆಚ್ಚಾಗಿ ಕಣ್ಣಿಗೆ ರೂಢಿಯಾದದ್ದು, ಕಲಿತದ್ದು, ಕಲಿಸಬಹುದಾದದ್ದು.

ಗುಬ್ಬಿ ಕಂಪನಿಯ ಗರಡಿಯಲ್ಲಿ ಬೆಳೆದವರಲ್ಲಿ ರಾಜಕುಮಾರ್ ಒಬ್ಬರು. ಶಾಲೆಯ ಓದು ಬಹಳ ಇಲ್ಲದ ಅವರು 1954ರ ‘ಬೇಡರ ಕಣ್ಣಪ್ಪ’ದಲ್ಲಿ ಬೇಡನಾಗಿ, 1967ರ ‘ಇಮ್ಮಡಿ ಪುಲಿಕೇಶಿ’ಯಲ್ಲಿಯೂ 1970ರ ‘ಶ್ರೀಕೃಷ್ಣದೇವರಾಯ’ದಲ್ಲಿಯೂ ಚಕ್ರವರ್ತಿಯಾಗಿ ಕಾಣಿಸಿಕೊಂಡರು. ತೆರೆಯ ಹೊರಗೆ ಅವರ ಉಡುಪು ಬಿಳಿಯ ಪಂಚೆ, ಬಿಳಿಯ ಅಂಗಿ. ಆ ಸರಳವಾದ ಉಡುಪಿನಲ್ಲಿ ಅವರು ಜನರ ಕಣ್ಣಿಗೆ ಕಡಿಮೆಯಾಗಲಿಲ್ಲ. ಕಿರೀಟವನ್ನು ಇಳಿಸಿಟ್ಟ ಮೇಲೆಯೂ ಉಳಿಯುವುದೇ ನಿಜವಾದ ಆತ್ಮವಿಶ್ವಾಸವೆನ್ನಬಹುದು.

4

ಇಷ್ಟನ್ನೇ ಹೇಳಿ ನಿಲ್ಲಿಸಿದರೆ, ಉಡುಪು ಮುಖ್ಯವಲ್ಲ, ಗುಣವೇ ಮುಖ್ಯ ಎಂಬ ಸುಲಭವಾದ ನೀತಿಗೆ ನಾವು ಬಂದಂತಾಗುತ್ತದೆ. ಆದರೆ ಒಳ್ಳೆಯ ಬಟ್ಟೆ ತೊಡುವುದಕ್ಕೆ ಅಡ್ಡಿಯಿಲ್ಲದವರು ಹೇಳಬಹುದಾದ ನೀತಿಯಿದು. ತೊಡಕೂಡದೆಂದು ತಡೆಯಲ್ಪಟ್ಟವರ ಇತಿಹಾಸ ಬೇರೆ ಮಾತನ್ನೇ ಹೇಳುತ್ತದೆ.

ತಿರುವಾಂಕೂರು ಸಂಸ್ಥಾನದಲ್ಲಿ ಕೆಳಜಾತಿಗಳೆನಿಸಿದವರು ಮೇಲ್ಜಾತಿಯವರೆದುರು ಎದೆಯ ಮೇಲೆ ಬಟ್ಟೆ ಹೊದೆಯಬಾರದೆಂಬ ಕಟ್ಟಳೆಯಿತ್ತು. 1822ರಲ್ಲಿ ಮೇಲುವಸ್ತ್ರ ತೊಟ್ಟ ನಾಡಾರ್ ಸ್ತ್ರೀಯರ ಮೇಲೆ ಬಹಿರಂಗವಾಗಿ ಹಲ್ಲೆ ನಡೆಯಿತು. ದಶಕಗಳ ಸಂಘರ್ಷದ ಅನಂತರ 1859ರಲ್ಲಿ ಸರ್ಕಾರ ಮೈಮುಚ್ಚಿಕೊಳ್ಳಲು ಅನುಮತಿ ಕೊಟ್ಟಿತು. ಆದರೆ ಮೇಲ್ಜಾತಿಯ ಸ್ತ್ರೀಯರಂತೆ ಉಡಬಾರದೆಂಬ ನಿಬಂಧನೆಯನ್ನು ಬಿಡಲಿಲ್ಲ. ಈ ನಿಬಂಧನೆ ಅತ್ಯಂತ ಅರ್ಥಗರ್ಭಿತವಾದುದು. ಮೈ ಮುಚ್ಚುವುದನ್ನು ಒಪ್ಪಿದವರೂ ಸಮಾನವಾಗಿ ಕಾಣುವುದನ್ನು ಒಪ್ಪಲಿಲ್ಲ. ಉಡುಪಿಗೂ ತಲೆಯೆತ್ತಿ ನಡೆಯುವ ಧೈರ್ಯಕ್ಕೂ ಸಂಬಂಧವಿಲ್ಲದಿದ್ದರೆ ಅದನ್ನು ತಡೆಯಲು ಇಷ್ಟು ಶ್ರಮ ಪಡುವ ಅಗತ್ಯವೇ ಇರಲಿಲ್ಲ.

1927ರ ಡಿಸೆಂಬರಿನಲ್ಲಿ ಕೊಂಕಣದ ಮಹಾಡದಲ್ಲಿ ನಡೆದ ಸತ್ಯಾಗ್ರಹ ಪರಿಷತ್ತಿನ ಸಂದರ್ಭದಲ್ಲಿ ಡಾ. ಬಿ. ಆರ್. ಅಂಬೇಡ್ಕರರು ದಲಿತ ಸ್ತ್ರೀಯರನ್ನು ಉದ್ದೇಶಿಸಿ ಮಾತನಾಡಿದರು. ಸೀರೆಯುಡುವ ಬಗೆಯಿಂದಲೂ ಕೈಕಾಲಿನ ಭಾರವಾದ ಒಡವೆಗಳಿಂದಲೂ ಅಸ್ಪೃಶ್ಯರೆಂದು ಗುರುತು ಹಿಡಿಯುವಂತಿರಬಾರದು ಎಂಬುದು ಅವರ ಉಪದೇಶದ ಸಾರ. ಬಟ್ಟೆಗೆ ತೇಪೆಯಿದ್ದರೂ ಚಿಂತೆಯಿಲ್ಲ, ಶುಚಿಯಾಗಿರಬೇಕೆಂಬುದೂ ಅವರು ಸ್ತ್ರೀಯರಿಗೆ ಹೇಳುತ್ತಿದ್ದ ಮಾತು. ಇಲ್ಲಿ ‘ಚೆನ್ನಾಗಿ ಉಡುವುದು’ ಎಂದರೆ ಬೆಲೆಬಾಳುವುದನ್ನು ಉಡುವುದಲ್ಲ; ಇತರರು ಹೇರಿದ ಗುರುತನ್ನು ಕಳಚುವುದು.

ಇದಕ್ಕೆ 6 ವರ್ಷ ಮೊದಲು, 1921ರ ಸೆಪ್ಟೆಂಬರಿನಲ್ಲಿ, ಗಾಂಧೀಜಿಯವರು ಮದುರೆಯಲ್ಲಿ ಅಂಗಿ ಟೊಪ್ಪಿಗೆಗಳನ್ನು ಬಿಟ್ಟು ತುಂಡುಬಟ್ಟೆಯನ್ನು ಉಡಲಾರಂಭಿಸಿದ್ದರು. 1931ರಲ್ಲಿ ಇಂಗ್ಲೆಂಡಿನ ದೊರೆಯ ಅರಮನೆಗೂ ಅದೇ ಉಡುಪಿನಲ್ಲಿ ಹೋದರು. ಒಬ್ಬರು ಕೋಟನ್ನು ತೊಟ್ಟರು, ಮತ್ತೊಬ್ಬರು ಅಂಗಿಯನ್ನೂ ಕಳಚಿದರು. ಇದನ್ನು ವಿರೋಧವೆಂದು ಎಣಿಸುವುದು ಸರಿಯಲ್ಲ. ತೊಡುವ ಹಕ್ಕು ಹುಟ್ಟಿನಿಂದಲೇ ಇದ್ದವರಿಗೆ ಕಳಚುವುದು ತ್ಯಾಗವಾಯಿತು; ಆ ಹಕ್ಕನ್ನು ತಲೆಮಾರುಗಳಿಂದ ಕಳೆದುಕೊಂಡಿದ್ದವರಿಗೆ ತೊಡುವುದೇ ಬಿಡುಗಡೆಯಾಯಿತು. ನಮ್ಮ ಊರುಗಳಲ್ಲಿ ನಿಂತಿರುವ ಅಂಬೇಡ್ಕರರ ಪ್ರತಿಮೆಗಳು ನೀಲಿ ಕೋಟನ್ನು ತೊಟ್ಟು, ಪುಸ್ತಕ ಹಿಡಿದಿರುವುದಕ್ಕೆ ಇದೇ ಅರ್ಥ.

ಮೈಸೂರು ಸಂಸ್ಥಾನ ಮೂರನೆಯ ದಾರಿಯೊಂದನ್ನು ತೋರಿಸಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಪಾಶ್ಚಾತ್ಯ ರೀತಿಯ ಸೂಟಿನ ಮೇಲೆ ಮೈಸೂರು ಪೇಟವನ್ನು ಧರಿಸುತ್ತಿದ್ದರು. ಸೂಟು ಅವರ ವೃತ್ತಿಯ ಜಗತ್ತಿಗೆ ಸೇರಿದ್ದು, ಪೇಟ ನಾಡಿಗೆ ಸೇರಿದ್ದು. ಎರಡರಲ್ಲಿ ಯಾವುದನ್ನೂ ಬಿಟ್ಟುಕೊಡದ ನಿಲುವು ಅವರ ಭಾವಚಿತ್ರಗಳಲ್ಲಿ ಎದ್ದು ಕಾಣುತ್ತದೆ.

5

ಇನ್ನು ಮನಶ್ಶಾಸ್ತ್ರದ ಕಡೆಗೆ ನೋಡಬಹುದು. ವಿಲಿಯಂ ಜೇಮ್ಸನು 1890ರಷ್ಟು ಹಿಂದೆಯೇ ಮನುಷ್ಯನ ‘ತಾನು’ ಎಂಬ ಭಾವದಲ್ಲಿ ದೇಹದ ನೆರೆಯಲ್ಲಿಯೇ ಉಡುಪಿಗೂ ಸ್ಥಾನ ಕೊಟ್ಟಿದ್ದನು. 2012ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಒಂದು ಕುತೂಹಲಕಾರಿ ಪ್ರಯೋಗವನ್ನು ಪ್ರಕಟಿಸಿದರು. ಒಂದೇ ಬಿಳಿಯ ನಿಲುವಂಗಿಯನ್ನು ವೈದ್ಯರದೆಂದು ಹೇಳಿ ತೊಡಿಸಿದಾಗ ತೊಟ್ಟವರ ಗಮನಶಕ್ತಿ ಹೆಚ್ಚಿತು. ಚಿತ್ರಕಾರರದೆಂದು ಹೇಳಿ ತೊಡಿಸಿದಾಗ ಹೆಚ್ಚಲಿಲ್ಲ ಎಂಬುದು ಅವರ ನಿರ್ಣಯ. ಆದರೆ ಆ ಸಂಶೋಧನೆಯ ಒಂದು ಪ್ರಯೋಗವನ್ನು ಇತರರು ಪುನಃ ನಡೆಸಿ 2019ರಲ್ಲಿ ಪ್ರಕಟಿಸಿದಾಗ ಅದೇ ಫಲ ದೊರೆಯಲಿಲ್ಲ. ಆದ್ದರಿಂದ ಬಟ್ಟೆ ಬದಲಾದೊಡನೆ ಬುದ್ಧಿ ಚುರುಕಾಗುವುದೆಂದು ಸಾರುವುದು ಅವಸರದ ಮಾತು.

2000ದಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತ. ಮುಜುಗರ ತರುವ ಚಿತ್ರವಿದ್ದ ಅಂಗಿಯನ್ನು ತೊಡಿಸಿ ವಿದ್ಯಾರ್ಥಿಯೊಬ್ಬನನ್ನು ಇತರರಿದ್ದ ಕೊಠಡಿಗೆ ಕಳುಹಿಸಲಾಯಿತು. ಹೀಗೆ ಹೋದವರು ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅಂಗಿಯನ್ನು ಗಮನಿಸಿರುವರೆಂದು ಊಹಿಸಿದರು. ವಾಸ್ತವವಾಗಿ ಗಮನಿಸಿದವರು ಸುಮಾರು ನಾಲ್ಕನೆಯ ಒಂದು ಭಾಗ. ನೋಟ ಪರರ ಇಚ್ಛೆಯೆಂಬ ಗಾದೆ ನಿಜವಿರಬಹುದು. ಆದರೆ ಪರರು ನಾವೆಣಿಸಿದಷ್ಟು ನಮ್ಮನ್ನು ನೋಡುತ್ತಿರುವುದಿಲ್ಲ.

6

ಮೇಲಣ ಸಾಕ್ಷ್ಯಗಳಿಂದ ಮೂರು ಮಾತುಗಳನ್ನು ಹೇಳಬಹುದಾಗಿದೆ. ಉಡುಪು ಆತ್ಮವಿಶ್ವಾಸದ ಮೇಲೆ ಪರಿಣಾಮ ಮಾಡುತ್ತದೆ. ಆದರೆ ಇಲ್ಲದ ಸತ್ತ್ವವನ್ನು ಅದು ಹುಟ್ಟಿಸಲಾರದು, ಇರುವುದಕ್ಕೆ ದಾರಿ ಮಾಡಿಕೊಡಬಲ್ಲದು. ಚೆಲುವಿನ ಮಾದರಿಗಳು ಕಾಲದೊಡನೆ ಬದಲಾಗುವುದರಿಂದ ಆಕರ್ಷಣೆಯನ್ನು ಉಡುಪಿನ ಬೆಲೆಯಿಂದ ಅಳೆಯುವುದು ವ್ಯರ್ಥ. ಎಲ್ಲಕ್ಕಿಂತ ಮುಖ್ಯವಾದುದು ಮೂರನೆಯದು: ಉಡುಪು ಮನುಷ್ಯನನ್ನು ಎತ್ತುವುದೂ ತಗ್ಗಿಸುವುದೂ ಅದನ್ನು ತೊಡುವ ಬಿಡುವ ಸ್ವಾತಂತ್ರ್ಯ ಅವನಿಗಿದೆಯೆ ಎಂಬುದನ್ನು ಅವಲಂಬಿಸಿದೆ. ಅಕ್ಕನೂ ಕೃಷ್ಣದೇವರಾಯನೂ, ಗಾಂಧೀಜಿಯೂ ಅಂಬೇಡ್ಕರರೂ ಒಂದು ವಿಷಯದಲ್ಲಿ ಸಮಾನರು. ಅವರ ಉಡುಪು ಅವರದೇ ನಿರ್ಣಯವಾಗಿತ್ತು.

ಅಧ್ಯಾಪಕರಾದ ನಮಗೆ ಇದು ಕೇವಲ ಚರಿತ್ರೆಯ ವಿಷಯವಲ್ಲ. ಗುಬ್ಬಿ, ಕುಣಿಗಲು ಕಡೆಯ ಹಳ್ಳಿಗಳಿಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಾಣುತ್ತಿರುವ ಮಕ್ಕಳು ಪ್ರತಿವರ್ಷ ನಮ್ಮ ತರಗತಿಗಳಿಗೆ ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕುಳಿತು ಪ್ರಶ್ನೆ ಕೇಳಲು ಹಿಂಜರಿಯುವವನನ್ನು ತಡೆಯುತ್ತಿರುವುದು ಕೆಲವೊಮ್ಮೆ ಅಜ್ಞಾನವಲ್ಲ, ಮಾಸಿದ ಅಂಗಿ. ಒಗೆದ ಅಂಗಿಯೊಂದು ಸಾಕೆಂದು ಅವನಿಗೆ ಹೇಳುವುದು ಒಳ್ಳೆಯದೆ. ಅದಕ್ಕಿಂತ ಮೊದಲು ನಾವು ಮಾಡಬೇಕಾದುದು ಒಂದುಂಟು. ಚೆನ್ನಾಗಿ ಉಟ್ಟುಬಂದವನ ಕಡೆಗೇ ನಮ್ಮ ಕಣ್ಣು ಮೊದಲು ಹೊರಳುತ್ತದೆಯೆ ಎಂಬುದನ್ನು ನಾವೇ ಪರೀಕ್ಷಿಸಿಕೊಳ್ಳಬೇಕು. ನೋಟ ಪರರ ಇಚ್ಛೆಯಾದರೆ, ತರಗತಿಯಲ್ಲಿ ಆ ಪರರು ನಾವೇ.