ಆಂಟೆನಾಕ್ಕೆ ಸಿಕ್ಕಿದ್ದ ‘ಇಪ್ಪತ್ತೊಂದು’

ನಮ್ಮಜ್ಜಿ ಮನೆಯ ಹೆಂಚಿನ ಮೇಲೊಂದು ಆಂಟೆನಾ ಇತ್ತು. ಎಷ್ಟು ತಿರುಗಿಸಿದ್ರೂ ಬರ್ತಿದ್ದದ್ದು ದೂರದರ್ಶನ ಮಾತ್ರ. ಖಾಸಗಿ ಚಾನೆಲ್ ಬೇಕಂದ್ರೆ ಕೇಬಲ್ಲೇ ಗತಿ. ಬಾಂಗ್ಲಾದೇಶದ ಕಥೆಯೂ ಇದೇ. ಎಟಿಎನ್ ಬಾಂಗ್ಲಾ, ಚಾನೆಲ್ ಐ ಬಂದಿದ್ದು ಉಪಗ್ರಹದಿಂದ. ಆಂಟೆನಾ ಮನೆಗಳಿಗೆ ಸರ್ಕಾರದ ಬಿಟಿವಿ ಒಂದೇ.

2000ದ ಏಪ್ರಿಲ್ 14ರಂದು, ಬಂಗಾಳಿ ಹೊಸವರ್ಷದ ದಿನ, ಇದು ಬದಲಾಯ್ತು. ಅವತ್ತು ಶುರುವಾದ ಏಕುಶೆ ಟೆಲಿವಿಷನ್ ಅಲ್ಲಿನ ಮೊದಲ ಖಾಸಗಿ ಭೂಪ್ರಸಾರ ಚಾನೆಲ್. ಏಕುಶೆ ಅಂದ್ರೆ ಇಪ್ಪತ್ತೊಂದು. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಗುಂಡಿಗೆ ಬಲಿಯಾದವರ ನೆನಪಿಗೆ ಇಟ್ಟ ಹೆಸರು. (ಟಿವಿ ಚಾನೆಲ್ಲಿಗೆ ಇಂಥ ಹೆಸರು! ನನಗಂತೂ ಹೊಟ್ಟೆಕಿಚ್ಚಾಯ್ತು.)

ಕಟ್ಟಿದವರು ಎ. ಎಸ್. ಮಹಮೂದ್. ಜೊತೆಗಿದ್ದವರು ಸೈಮನ್ ಡ್ರಿಂಗ್. 1971ರ ಮಾರ್ಚಿನಲ್ಲಿ ಪಾಕಿಸ್ತಾನಿ ಸೇನೆಯ ಕಣ್ತಪ್ಪಿಸಿ ಹೋಟೆಲಿನಲ್ಲಿ ಅಡಗಿದ್ದು, ಢಾಕಾದ ಹತ್ಯಾಕಾಂಡವನ್ನು ಜಗತ್ತಿಗೆ ತಿಳಿಸಿದ ಬ್ರಿಟಿಷ್ ಪತ್ರಕರ್ತ ಇವರೇ. ಧಾರಾವಾಹಿಗಳ ಜೊತೆಗೆ ಮಕ್ಕಳೇ ವರದಿ ಮಾಡುವ ‘ಮುಕ್ತೊ ಖಬರ್’ ಕೂಡ ಈ ಚಾನೆಲ್ಲಿನಲ್ಲಿ ಬರ್ತಿತ್ತು.

2001ರಲ್ಲಿ ಸರ್ಕಾರ ಬದಲಾಯ್ತು. ಹಿಂದಿನ ಸರ್ಕಾರ ಲೈಸೆನ್ಸ್ ಕೊಟ್ಟ ಕ್ರಮವೇ ಸರಿಯಿಲ್ಲ ಅಂತ ಕೋರ್ಟು ತೀರ್ಪು ಕೊಟ್ಟಿತು. 2002ರ ಆಗಸ್ಟ್ 29ಕ್ಕೆ ಚಾನೆಲ್ ಬಂದ್. ಡ್ರಿಂಗ್ ಅವರಿಗೂ ಅದೇ ವರ್ಷ ದೇಶ ಬಿಡಿ ಅಂದ್ರು. ಲೈಸೆನ್ಸಿನಲ್ಲಿ ತಪ್ಪಿದ್ದಿರಬಹುದು. ಆದ್ರೆ ಮತ್ತೆ ಅರ್ಜಿ ಕರೆದು ಸರಿಪಡಿಸಬಹುದಿತ್ತಲ್ವಾ? ನೋಡೋರು ಏನು ತಪ್ಪು ಮಾಡಿದ್ರು?

2007ರಲ್ಲಿ ಏಕುಶೆ ವಾಪಸ್ ಬಂತು, ಆದ್ರೆ ಉಪಗ್ರಹದ ಮೂಲಕ. ಆಂಟೆನಾ ಮನೆಗಳಲ್ಲಿ ಬಿಟಿವಿಯೇ ಓಡ್ತಿತ್ತು.