ಪಿನ್ನಿನಾಚೆಯ ಎರಡು ರೆಸಿಸ್ಟರುಗಳು

ಕಂಪ್ಯೂಟರಿನ ಬಿಸಿ, ಫ್ಯಾನಿನ ವೇಗ, ವೋಲ್ಟೇಜು ತೋರಿಸುವ ತಂತ್ರಾಂಶಗಳ ಮಾತು ಬಂದರೆ ಈಗ ಚರ್ಚೆಯೆಲ್ಲ ಪರದೆಯ ಮೇಲಿನ ಅಂದದ ಗ್ರಾಫುಗಳ ಸುತ್ತಲೇ. ಚಿಪ್ಪೇ ಅಂಕಿ ಕೊಡುವಾಗ ತಂತ್ರಾಂಶ ಬರೆಯುವವರಿಗೆ ಕೆಲಸವೇನು ಎಂದು ಕೇಳುವ ಎಂಜಿನಿಯರುಗಳೂ ಸಿಗುತ್ತಾರೆ. ಆದರೆ ಆ ಅಂಕಿ ಯಾವುದರದ್ದು ಎಂದು ಚಿಪ್ಪಿಗೆ ಗೊತ್ತಿರುವುದಿಲ್ಲ.

ಇಂಥ ಅಳತೆಗಳಿಗಾಗಿ ನ್ಯಾಷನಲ್ ಸೆಮಿಕಂಡಕ್ಟರ್ ಮಾಡಿದ ಎಲ್ಎಂ75, ಎಲ್ಎಂ78 ಚಿಪ್ಪುಗಳನ್ನು ಲಿನಕ್ಸ್‌ನಲ್ಲಿ ಓದಲು ಫ್ರೋಡೊ ಲೂಯ್ಯಾರ್ಡ್, ಫಿಲಿಪ್ ಎಡೆಲ್‌ಬ್ರಾಕ್ ಮೊದಲಾದವರು 1998ರಲ್ಲಿ ಎಲ್ಎಂ-ಸೆನ್ಸರ್ಸ್ ಎಂಬ ತಂತ್ರಾಂಶ ಶುರುಮಾಡಿದರು. 2002ರಲ್ಲಿ ಹಾರ್ಡ್ ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಮಾನ್‌ಟೂಲ್ಸ್ ಬಂತು; ಅದನ್ನು ಆರಂಭಿಸಿದ ಬ್ರೂಸ್ ಅಲೆನ್ ಗುರುತ್ವ ಅಲೆಗಳನ್ನು ಅರಸುವ ಭೌತವಿಜ್ಞಾನಿ. ಆ ದಿನಗಳಲ್ಲಿ ಪೆಟ್ಟೂ ಬಿತ್ತು. ಚಿಪ್ಪು ಎಲ್ಲಿದೆಯೆಂದು, ಚಿಪ್ಪುಗಳನ್ನು ಬೆಸೆಯುವ ಬಸ್ ಎಂಬ ತಂತಿಜಾಲದ ವಿಳಾಸಗಳನ್ನು ಒಂದೊಂದಾಗಿ ಎಲ್ಎಂ-ಸೆನ್ಸರ್ಸ್ ತಡಕುವಾಗ ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳ ಇಇಪ್ರಾಮ್ ಎಂಬ ಸ್ಮೃತಿ ಚಿಪ್ಪು ಕೆಟ್ಟು ಯಂತ್ರವೇ ಏಳದಾಯಿತು. ಅಂಥ ಯಂತ್ರ ಕಂಡರೆ ಹಿಂದೆ ಸರಿಯುವ ಕೋಡು ಆಮೇಲೆ ಸೇರಿತು.

ನಿಜವಾದ ಕಟ್ಟೋಣ ನಡೆದದ್ದು 2003ರ ಡಿಸೆಂಬರಿನ ಲಿನಕ್ಸ್ 2.6 ಕರ್ನೆಲ್ ನಂತರ, ನಮ್ಮ ಕಾಲದಲ್ಲಿ. ಅದಕ್ಕೆ ಮೊದಲು ಪ್ರತಿ ಚಿಪ್ಪಿನ ಗುಣವನ್ನೂ ಮೇಲಿನ ತಂತ್ರಾಂಶ ತಾನೇ ಅರಿತಿರಬೇಕಿತ್ತು. ಈಗ ಕರ್ನೆಲ್ ಪ್ರತಿ ಅಂಕಿಯನ್ನೂ ಒಂದು ಕಡತವಾಗಿ ಕೊಡುತ್ತದೆ; ಹೆಸರೂ ಅಳತೆಯೂ ಎಲ್ಲಕ್ಕೂ ಒಂದೇ: ಬಿಸಿಯ ಕಡತದಲ್ಲಿ 45000 ಎಂದಿದ್ದರೆ, ಚಿಪ್ಪು ಯಾವುದಾದರೂ ಸರಿ, 45 ಡಿಗ್ರಿ ಸೆಲ್ಸಿಯಸ್. ಎಲ್ಎಂ-ಸೆನ್ಸರ್ಸ್ ನೋಡಿಕೊಳ್ಳುತ್ತಿದ್ದ ಜೀನ್ ಡೆಲ್ವಾರ್ ಈ ಶಿಸ್ತಿಗೆ ಪಟ್ಟುಹಿಡಿದು ನಿಂತರು. ಈ ಕ್ಷೇತ್ರದ ಅತಿದೊಡ್ಡ ಸಾಧನೆ ಇದೇ ಎಂದು ನಾನು ನಂಬಿದ್ದೇನೆ. ಲಿನಕ್ಸಿನ ಇಂದಿನ ಡ್ಯಾಶ್‌ಬೋರ್ಡುಗಳು ಬಹುಮಟ್ಟಿಗೆ ಓದುವುದು ಆ ಕಡತಗಳನ್ನೇ.

ವೋಲ್ಟೇಜಿನ ಕಥೆ ಬೇರೆ. ಎಲ್ಎಂ78ರಂಥ ಚಿಪ್ಪಿನ ಪಿನ್ನು ಸುಮಾರು 4 ವೋಲ್ಟಿಗಿಂತ ಹೆಚ್ಚನ್ನು ಅಳೆಯಲಾರದು. ಹಾಗಾಗಿ 12 ವೋಲ್ಟಿನ ತಂತಿಯನ್ನು ಎರಡು ರೆಸಿಸ್ಟರುಗಳ ಮೂಲಕ ಇಳಿಸಿ ಕೊಡುತ್ತಾರೆ. ಅವು ಎಷ್ಟು ಓಮಿನವು ಎಂಬುದು ಬೋರ್ಡು ಮಾಡಿದವರಿಗೆ ಗೊತ್ತು. ಅವರು ಹೇಳುವುದು ಅಪರೂಪ. ನಾವು ಬಯಾಸ್ ತೆರೆದು ಅಲ್ಲಿನ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು, ಮತ್ತೆ ಲಿನಕ್ಸಿಗೆ ಬಂದು ಪಿನ್ನಿನ ಅಂಕಿಯೊಡನೆ ತಾಳೆ ನೋಡಿ, ಗುಣಕ ಕಂಡುಹಿಡಿದು ಸಂರಚನಾ ಕಡತಕ್ಕೆ ಒಂದು ಸಾಲು ಸೇರಿಸುತ್ತಿದ್ದೆವು. ಬೋರ್ಡು ಬದಲಾದರೆ ಎಲ್ಲ ಮೊದಲಿಂದ.

ವಿಂಡೋಸ್ ಕಡೆ ಇದೇ ಕೆಲಸಕ್ಕೆ ಓಪನ್ ಹಾರ್ಡ್‌ವೇರ್ ಮಾನಿಟರ್, ಅದರಿಂದ ಕವಲೊಡೆದ ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಬೆಳೆದವು. ಲಿನಕ್ಸ್‌ನಲ್ಲಿ ಕರ್ನೆಲ್‌ನ ಈ ಭಾಗವನ್ನು ನೋಡಿಕೊಳ್ಳುವ ಗುಂಟರ್ ರೋಕ್ 2020ರಲ್ಲಿ ರೈಜನ್ ಪ್ರೊಸೆಸರುಗಳ ವೋಲ್ಟೇಜು, ಕರೆಂಟು ತೋರಿಸುವ ಕೋಡು ಸೇರಿಸಿ, ಅದೇ ವರ್ಷ ತೆಗೆದೂಹಾಕಿದರು. ಆ ರಿಜಿಸ್ಟರುಗಳ ಬಗ್ಗೆ ಎಎಂಡಿಯ ದಾಖಲೆ ಇರಲಿಲ್ಲ. ಖಚಿತವಿಲ್ಲದ ಅಂಕಿ ತೋರಿಸುವುದಕ್ಕಿಂತ ತೋರಿಸದಿರುವುದೇ ಮೇಲು. ಅವರು ಮಾಡಿದ್ದು ಸರಿ.

ಹೊಸ ಬೋರ್ಡು ಕೊಂಡು ಸೆನ್ಸರ್ಸ್ ಆಜ್ಞೆ ಓಡಿಸಿದರೆ ಇಂದಿಗೂ ಎಷ್ಟೋ ಸಲ ಇನ್3, ಇನ್4 ಎಂಬ ಹೆಸರಿಲ್ಲದ ಸಾಲುಗಳೇ ಎದುರಾಗುತ್ತವೆ. ಆ ರೆಸಿಸ್ಟರುಗಳ ವಿವರವನ್ನು ಬೋರ್ಡಿನ ಕೈಪಿಡಿಯಲ್ಲಿ ಅಚ್ಚುಹಾಕಿದರೆ ಅದು ಅರ್ಧ ಪುಟವನ್ನೂ ತುಂಬುವುದಿಲ್ಲ.